ಇಸ್ಸಿ ವುಡ್ ಹಾಡುವುದು ಹವ್ಯಾಸಕ್ಕಲ್ಲ

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯಲ್ಲಿ ಲಂಡನ್ನಿನ ಕಲಾವಿದೆ ಇಸ್ಸಿ ವುಡ್ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ಕೈಸೇರಿತು. ಚಿತ್ರಗಳನ್ನು ಮೆಚ್ಚಿದ್ದೀರಿ. ಆದರೆ, ‘ಈಕೆ ಪಾಪ್ ಹಾಡನ್ನೂ ಕಟ್ಟುತ್ತಾಳೆ ಎಂದರೆ ಚಿತ್ರಕಲೆಯ ಮೇಲೆ ಶ್ರದ್ಧೆ ಸಾಲದು ಎಂದೇ ಅರ್ಥ. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರಿದ್ದುಂಟೇ?’ ಎಂದು ಕೇಳಿದ್ದೀರಿ. ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವರ ಮಾತು. ಹಗುರವಾಗಿ ತೆಗೆದುಕೊಳ್ಳಲಾರೆ, ಒಪ್ಪಲೂ ಆರೆ.

ಮೊದಲು ನಮ್ಮ ತಪ್ಪು. ನಾಲ್ಕು ಪುಟದ ಲೇಖನದಲ್ಲಿ ಅವರ ಸಂಗೀತಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದರಲ್ಲೂ ‘ಹವ್ಯಾಸ’ ಎಂಬ ಪದ. ಕರಡಿನಲ್ಲೇ ಅದನ್ನು ನಾನು ಹೊಡೆದುಹಾಕಬೇಕಿತ್ತು.

ವುಡ್ ಹುಟ್ಟಿದ್ದು 1993ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಡರಂನಲ್ಲಿ. ಓದಿದ್ದು ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ, ಆಮೇಲೆ 2018ರವರೆಗೆ ರಾಯಲ್ ಅಕಾಡೆಮಿಯ ಶಾಲೆಯಲ್ಲಿ. ಅವರು ಬರೆಯುವುದೇನು? ಕಾರಿನ ಒಳಗಿನ ಚರ್ಮದ ಸೀಟು, ಹಲ್ಲು, ಪಿಂಗಾಣಿ ಪಾತ್ರೆ, ಹರಾಜಿನ ಕ್ಯಾಟಲಾಗುಗಳಲ್ಲಿ ಕಂಡ ಬೆಲೆಬಾಳುವ ಸಾಮಾನು. ಎಣ್ಣೆಬಣ್ಣವನ್ನು ಎಷ್ಟೋ ಸಲ ಮಕಮಲ್ಲಿನ ಮೇಲೆ ಹಾಕುತ್ತಾರೆ. ಇದರ ಕಷ್ಟ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಟ್ಟೆಯ ಮೇಲೆ ನಿಂತ ನವಿರೆಳೆಗಳು ಕುಂಚವನ್ನು ಜಾರಲು ಬಿಡುವುದಿಲ್ಲ, ಬಿದ್ದ ಬೆಳಕನ್ನೂ ನುಂಗಿಬಿಡುತ್ತವೆ. ಥಳಥಳಿಸಬೇಕಾದ ಬೆಳ್ಳಿಯೂ ಚರ್ಮವೂ ಮಬ್ಬು ಹಿಡಿದು, ಆಸೆ ಹುಟ್ಟಿಸಬೇಕಾದ ವಸ್ತು ಕಸಿವಿಸಿ ಹುಟ್ಟಿಸುತ್ತದೆ. (ನಮ್ಮ ನುಣುಪು ಕಾಗದದ ಅಚ್ಚಿನಲ್ಲಿ ಆ ಮಬ್ಬೇ ಮಾಯವಾಗಿತ್ತು. ಅದಕ್ಕೂ ನನಗೆ ಬೇಸರವಿದೆ.)

ನಿಮ್ಮ ಪತ್ರ ಬಂದ ಮೇಲೆ ಎರಡು ರಾತ್ರಿ ಅವರ ಹಾಡುಗಳನ್ನೇ ಕೇಳುತ್ತ ಕುಳಿತೆ. ಎಲೆಕ್ಟ್ರಾನಿಕ್ ತಾಳ, ಎಲ್ಲೂ ಏರದ ತಗ್ಗಿದ ದನಿ. ಪಾಪ್ ಹಾಡೆಂದರೆ ಮೈಯೆಲ್ಲ ಹೊಳಪು. ಆ ಹೊಳಪನ್ನೇ ಅವರು ಇಲ್ಲೂ ಇಳಿಸಿಬಿಟ್ಟಿದ್ದಾರೆ. ಮಕಮಲ್ಲು ಕಣ್ಣಿಗೆ ಮಾಡಿದ್ದನ್ನು ಈ ದನಿ ಕಿವಿಗೆ ಮಾಡುತ್ತದೆ. ನೀವು ಎರಡು ದೋಣಿ ಎಂದಿರಿ, ನನಗೆ ಕಂಡದ್ದು ಒಂದೇ.

ಇನ್ನೊಂದು ಸಂಗತಿಯಿದೆ. 2020ರಲ್ಲಿ ವುಡ್ ಅವರ ಹಾಡುಗಳನ್ನು ಹೊರತಂದದ್ದು ಮಾರ್ಕ್ ರಾನ್ಸನ್ ಅವರ ಜೆಲಿಗ್ ಸಂಸ್ಥೆ. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್‌ಗೆ ಹೆಸರು ತಂದ ಹಾಡುಗಳ ನಿರ್ಮಾಪಕ ಇದೇ ರಾನ್ಸನ್. ಹೊಸಬರು ಇಂಥ ಆಸರೆ ಸಿಕ್ಕರೆ ಬಿಡುವುದಿಲ್ಲ. ವುಡ್ ಬಿಟ್ಟು ಬಂದರು. ಅತ್ತ ಚಿತ್ರಗಳ ಲೋಕದಲ್ಲಿ, ಜಗತ್ತಿನಲ್ಲೇ ದೊಡ್ಡ ಕಲಾವ್ಯಾಪಾರಿಗಳಲ್ಲೊಬ್ಬರಾದ ಲ್ಯಾರಿ ಗಗೋಸಿಯನ್ ಕರೆದಾಗಲೂ ಒಲ್ಲೆ ಎಂದರು. 2023ರಲ್ಲಿ ಪ್ಯಾರಿಸ್ಸಿನ ಲಫಾಯೆತ್ ಆಂತಿಸಿಪಾಸಿಯೋಂ ಕಲಾಕೇಂದ್ರದಲ್ಲಿ ನಡೆದ ಅವರ ಪ್ರದರ್ಶನದ ಹೆಸರು ‘ಸ್ಟಡಿ ಫಾರ್ ನೋ’. ಒಂದೇ ಕಸುಬಿಗೆ ಅಂಟಿಕೊಂಡವರಿಗೆ ಇಷ್ಟು ಸಲೀಸಾಗಿ ‘ಇಲ್ಲ’ ಎನ್ನಲು ಬರುತ್ತಿತ್ತೇ? ಚಿತ್ರ ಅನ್ನ ಕೊಡುವುದರಿಂದಲೇ ಹಾಡು ಯಾರ ಹಂಗಿಲ್ಲದೆ ಉಳಿದಿದೆ ಎಂದು ನನ್ನ ಎಣಿಕೆ.

ನಿಮ್ಮ ವಾದಕ್ಕೆ ಬಲ ಕೊಡುವ ಉದಾಹರಣೆಯನ್ನು ನಾನೇ ಕೊಡುತ್ತೇನೆ. ‘ಕ್ಯಾಪ್ಟನ್ ಬೀಫ್‌ಹಾರ್ಟ್’ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅಮೆರಿಕದ ಡಾನ್ ವ್ಯಾನ್ ವ್ಲೀಟ್ 1982ರ ಆಲ್ಬಂ ಆದ ಮೇಲೆ ಸಂಗೀತ ಬಿಟ್ಟು ಚಿತ್ರಕಲೆಗೆ ನಿಂತರು. 2010ರಲ್ಲಿ ತೀರಿಕೊಂಡಾಗ ಅವರು ಹೆಸರಾಂತ ಚಿತ್ರಕಾರ. ಆದರೆ ಬಿಟ್ಟದ್ದೇಕೆ? ಹಾಡುತ್ತಲೇ ಇದ್ದರೆ ಬಿಡುವಿನಲ್ಲಿ ಬಣ್ಣ ಬಳಿಯುವ ಹಾಡುಗಾರ ಎಂದು ಕಲಾಲೋಕ ಬದಿಗೆ ಸರಿಸುತ್ತದೆ ಎಂಬ ಎಚ್ಚರಿಕೆ ಸಿಕ್ಕಿತ್ತು. ಹಾಡು ಕುಂಚಕ್ಕೆ ಅಡ್ಡ ಬಂದಿರಲಿಲ್ಲ ಮೇಷ್ಟ್ರೇ, ನೋಡುವವರ ಅನುಮಾನ ಅಡ್ಡ ಬಂದಿತ್ತು. ನಿಮ್ಮ ಪತ್ರದಲ್ಲಿ, ನಮ್ಮ ಆ ‘ಹವ್ಯಾಸ’ ಎಂಬ ಪದದಲ್ಲಿ ಇರುವುದೂ ಅದೇ ಅನುಮಾನ.

ವ್ಯಾನ್ ವ್ಲೀಟ್ ಅವರ ಚಿತ್ರಗಳನ್ನು ತೋರಿಸಿದ ಮೈಕೇಲ್ ವೆರ್ನರ್ ಗ್ಯಾಲರಿಯೇ 2022ರಲ್ಲಿ ನ್ಯೂಯಾರ್ಕಿನಲ್ಲಿ ವುಡ್ ಅವರ ಚಿತ್ರಗಳನ್ನೂ ಗೋಡೆಗೇರಿಸಿತು. ಆ ಹೊತ್ತಿಗೂ ವುಡ್ ಹಾಡು ಬಿಟ್ಟಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಹಾಡುಗಳಿಗೆಂದೇ ಎರಡು ಪುಟ ತೆಗೆದಿಟ್ಟಿದ್ದೇವೆ. ಮೊಮ್ಮಕ್ಕಳ ಫೋನಿನಲ್ಲಿ ಒಂದೆರಡನ್ನು ಕೇಳಿ, ಮತ್ತೆ ಬರೆಯಿರಿ.

– ಸಂಪಾದಕ