ಓದುಗರ ಪ್ರಶ್ನೆ, ನಮ್ಮ ಉತ್ತರ: ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತದೆ?

ಹೊರದೇಶದ ಕೆಲಸ, ಹೊರದೇಶದವರ ಜೊತೆಗಿನ ಕೆಲಸ, ರಜೆ, ಪಾಳಿ, ರಾತ್ರಿ ಮೀಟಿಂಗು ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದಿದ್ದೇವೆ.

ಪ್ರಶ್ನೆ: ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಇಲ್ಲಿ 12 ತಾಸಿನ ನೈಟ್ ಡ್ಯೂಟಿ ಮಾಡಿ ಸೋತಿದ್ದಾಳೆ. ಈಗ ಜರ್ಮನಿಯ ಆಸ್ಪತ್ರೆಯೊಂದರಿಂದ ಕರಾರುಪತ್ರ ಬಂದಿದೆ. ವಾರಕ್ಕೆ 38.5 ತಾಸು ಕೆಲಸ, ವರ್ಷಕ್ಕೆ 30 ದಿನ ರಜೆ, ಮೊದಲ 6 ತಿಂಗಳು ಪ್ರೊಬೇಷನ್ ಅಂತ ಬರೆದಿದೆ. ಇದನ್ನು ನಂಬಬಹುದೇ? ಪಂಚಮಿಗೆ ಬರಲು ರಜೆ ಕೊಡುತ್ತಾರೆಯೇ?
(ತಾಯಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಂಬಬಹುದು, ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. 38.5 ತಾಸನ್ನು 5 ದಿನಕ್ಕೆ ಹಂಚಿದರೆ ದಿನಕ್ಕೆ 7 ತಾಸು 42 ನಿಮಿಷ. ಊಟದ ಬಿಡುವು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಕೆಲಸ 6 ತಾಸು ದಾಟಿದರೆ 30 ನಿಮಿಷ, 9 ತಾಸು ದಾಟಿದರೆ 45 ನಿಮಿಷ ಬಿಡುವು ಅಲ್ಲಿ ಕಡ್ಡಾಯ. ಹಾಗಾಗಿ ಆಸ್ಪತ್ರೆಯಲ್ಲಿ ಇರಬೇಕಾದದ್ದು ದಿನಕ್ಕೆ ಸುಮಾರು 8 ತಾಸು 12 ನಿಮಿಷ. 38.5 ಎಂಬುದು ಸರಾಸರಿಯೂ ಹೌದು. ಒಂದು ವಾರ 46 ತಾಸು ಬಂದು ಮುಂದಿನ ವಾರ 31 ಬರಬಹುದು. ಕಾನೂನಿನ ಪ್ರಕಾರ ದಿನಕ್ಕೆ 8 ತಾಸು. 10ರವರೆಗೆ ಹಿಗ್ಗಿಸಬಹುದು, ಆದರೆ 6 ತಿಂಗಳ ಸರಾಸರಿ ಮತ್ತೆ 8ಕ್ಕೇ ಬರಬೇಕು.

ಮಗಳು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಪಾಳಿಯ ಪಟ್ಟಿ ಓದುವುದನ್ನು. ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ನಡುವೆ 11 ತಾಸು ವಿಶ್ರಾಂತಿ ಇರಲೇಬೇಕು. ಆಸ್ಪತ್ರೆಗಳು ಅದನ್ನು 10ಕ್ಕೆ ಇಳಿಸಬಹುದು, ಆ ಕೊರತೆಯನ್ನು ತಿಂಗಳೊಳಗೆ ಬೇರೆ ದಿನ ತುಂಬಿಕೊಡಬೇಕು. ರಾತ್ರಿ 9.30ಕ್ಕೆ ಸಂಜೆ ಪಾಳಿ ಮುಗಿಸಿದವರನ್ನು ಮರುದಿನ ಬೆಳಿಗ್ಗೆ 6ಕ್ಕೆ ಹಾಕಿದರೆ ಸಿಗುವುದು ಎಂಟೂವರೆ ತಾಸು, ಅದು ನಡೆಯುವುದಿಲ್ಲ. ಸಿಬ್ಬಂದಿ ಕಡಿಮೆ ಇದ್ದಾಗ ತಪ್ಪು ಆಗುವುದು ಇಲ್ಲಿಯೇ. ಹೊಸದಾಗಿ ಹೋದ ನಮ್ಮ ಹುಡುಗಿಯರು 'ಇಲ್ಲ ಅಂದರೆ ಏನೆಂದುಕೊಳ್ಳುತ್ತಾರೋ' ಎಂದು ಸುಮ್ಮನೆ ಒಪ್ಪಿಕೊಳ್ಳುತ್ತಾರೆ. ಒಪ್ಪಬೇಕಾಗಿಲ್ಲ. ವಾರ್ಡಿನ ಮುಖ್ಯಸ್ಥರಿಗೆ ಪಟ್ಟಿ ತೋರಿಸಿ 'ನಡುವೆ 11 ತಾಸು ಇಲ್ಲ' ಎಂದರೆ ಸಾಕು. ಅಲ್ಲಿ ಇದನ್ನು ಎದುರುತ್ತರ ಎಂದು ಯಾರೂ ತಿಳಿಯುವುದಿಲ್ಲ. ಭಾನುವಾರದ ಡ್ಯೂಟಿ ಆಸ್ಪತ್ರೆಯಲ್ಲಿ ಇದ್ದದ್ದೇ. ಅದಕ್ಕೆ ಎರಡು ವಾರದೊಳಗೆ ಬದಲಿ ರಜೆ ಕೊಡಬೇಕು.

ರಜೆಯ ವಿಷಯ. ವಾರಕ್ಕೆ 5 ದಿನ ದುಡಿಯುವವರಿಗೆ ಕಾನೂನು ಕೊಡುವುದು ವರ್ಷಕ್ಕೆ 20 ದಿನ. ಉಳಿದ 10 ಕರಾರಿನಿಂದ ಬಂದದ್ದು, ಆದ್ದರಿಂದ ಕಾಗದದಲ್ಲಿ ಇದ್ದರೆ ಮಾತ್ರ ಉಂಟು. ಪ್ರೊಬೇಷನ್ ಎಂದರೆ ರಜೆಯೇ ಇಲ್ಲ ಅಂತಲ್ಲ. ಆ 6 ತಿಂಗಳಲ್ಲಿ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲಿನಂತೆ, ನಿಮ್ಮ ಮಗಳಿಗೆ ಎರಡೂವರೆ ದಿನ ಜಮೆಯಾಗುತ್ತದೆ. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವೆ. ಅಲ್ಲಿಯ ಶಾಲೆಗಳ ಬೇಸಿಗೆ ರಜೆಯೂ ಅದೇ ಹೊತ್ತಿಗೆ, ಶಾಲೆಗೆ ಹೋಗುವ ಮಕ್ಕಳಿರುವವರ ಕೋರಿಕೆಯನ್ನು ಆಗ ಮೊದಲು ನೋಡುತ್ತಾರೆ. ಮುಂದಿನ ವರ್ಷದ ರಜೆಯ ಯೋಜನೆಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಹಾಕುವುದು ಅಲ್ಲಿಯ ರೂಢಿ. ಪಂಚಮಿಯ ತಾರೀಖನ್ನು ಪಂಚಾಂಗದಲ್ಲಿ ನೋಡಿ ದೀಪಾವಳಿಯ ಹೊತ್ತಿಗೇ ಬರೆದು ಕೊಡಲಿ. ಒಪ್ಪಿಗೆ ಬರೆದು ಬಂದ ಮೇಲೆ ವಿಮಾನದ ಟಿಕೆಟ್ ತೆಗೆಸಲಿ, ಮೊದಲು ಬೇಡ.

ಹುಷಾರಿಲ್ಲದಿದ್ದರೆ ಪಾಳಿ ಶುರುವಾಗುವ ಮೊದಲೇ ಫೋನು ಮಾಡಬೇಕು. 3 ದಿನ ದಾಟಿದರೆ ವೈದ್ಯರ ಪತ್ರ ಬೇಕು; ಮೊದಲ ದಿನದಿಂದಲೇ ಕೇಳುವ ಹಕ್ಕೂ ಮಾಲೀಕರಿಗಿದೆ. 6 ವಾರದವರೆಗೆ ಪೂರ್ಣ ಸಂಬಳ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ 4 ವಾರದಲ್ಲಿ ಮಾತ್ರ ಮಾಲೀಕರಿಂದ ಈ ಸಂಬಳವಿಲ್ಲ, ಆರೋಗ್ಯ ವಿಮೆಯವರು ಕೊಡುತ್ತಾರೆ. ರಜೆಯ ಮೇಲೆ ಊರಿಗೆ ಬಂದಾಗ ಕಾಯಿಲೆ ಬಿದ್ದರೆ, ಇಲ್ಲಿಯ ವೈದ್ಯರಿಂದ ಪತ್ರ ಪಡೆದು ಕೂಡಲೇ ಅಲ್ಲಿಗೆ ತಿಳಿಸಿದರೆ ಆ ದಿನಗಳು ರಜೆಯ ಲೆಕ್ಕದಿಂದ ಕಳೆಯುವುದಿಲ್ಲ. ಕಾಯಿಲೆಗೆ ಸಿಕ್ಕ ರಜೆಯಲ್ಲಿ 'ಒಂದು ತಾಸು ಬಂದು ಹೋಗು' ಎನ್ನುವುದು ಅಲ್ಲಿ ಇಲ್ಲ, ಇವಳೂ ಹೋಗಬಾರದು.

ಸಹಿ ಹಾಕುವ ಮೊದಲು ಎರಡು ಸಾಲು ಹುಡುಕಿ. ಒಂದು, ನರ್ಸಿಂಗ್ ಪದವಿಗೆ ಅಲ್ಲಿಯ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳ ಎಷ್ಟು, ಆಮೇಲೆ ಎಷ್ಟು. ಎರಡು, ಇಂತಿಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಭಾಷಾ ತರಬೇತಿಯ ಖರ್ಚು ವಾಪಸ್ ಕೊಡಬೇಕೆಂಬ ಶರತ್ತು. ಎರಡನೆಯದು ಇದ್ದರೆ ಮೊತ್ತ ಎಷ್ಟು, ಪ್ರತಿ ತಿಂಗಳು ಎಷ್ಟು ಇಳಿಯುತ್ತದೆ ಎಂದು ಬರೆಸಿಕೊಳ್ಳಿ. ಇನ್ನು ನೀವು ಫೋನು ಮಾಡುವ ಹೊತ್ತು: ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವಳು ಬೇಸಿಗೆಯ ಸಂಜೆ ಪಾಳಿ ಮುಗಿಸುವಾಗ ಹುಬ್ಬಳ್ಳಿಯಲ್ಲಿ ರಾತ್ರಿ 1 ಗಂಟೆ ಆಗಿರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲೇ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ 9ಕ್ಕೆ ಆಫೀಸು, ರಾತ್ರಿ 11ರವರೆಗೆ ಅಮೆರಿಕದವರ ಜೊತೆ ಮೀಟಿಂಗು. ಪಕ್ಕದ ತಂಡದ ಕ್ಲೈಂಟ್ ಜರ್ಮನಿಯವರು, ಅವರು ಸಂಜೆ ಆಗುತ್ತಲೇ ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಅಮೆರಿಕದವರಿಗೆ ಮಾತ್ರ ಏಕೆ ಹೀಗೆ? ನಾನೇನು ಮಾಡಲಿ?
(ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ಇದಕ್ಕೆ ಸ್ವಭಾವಕ್ಕಿಂತ ಕಾನೂನು ಕಾರಣ. ಜರ್ಮನಿಯ 11 ತಾಸಿನ ವಿಶ್ರಾಂತಿಯ ನಿಯಮವನ್ನು ಮೇಲೆ ಹೇಳಿದ್ದೇವೆ. ಅದು ಆಫೀಸಿನವರಿಗೂ ಅನ್ವಯ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಸಂಬಳ ಸಹಿತ ವಾರ್ಷಿಕ ರಜೆ ಒಂದು ದಿನವೂ ಕಡ್ಡಾಯವಿಲ್ಲ. 1938ರ ಕಾನೂನು ವಾರಕ್ಕೆ 40 ತಾಸು ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಿ ಎನ್ನುತ್ತದೆ, ಆದರೆ ಮಾಸಿಕ ಸಂಬಳದ ಎಂಜಿನಿಯರು, ಮ್ಯಾನೇಜರುಗಳಲ್ಲಿ ಬಹಳಷ್ಟು ಜನ ಅದರಿಂದ ಹೊರಗೆ. ನಿಮಗೆ ಹೊತ್ತಲ್ಲದ ಹೊತ್ತಿನಲ್ಲಿ ಮೇಲ್ ಹಾಕುವವರು ತಾವೂ ಹಾಗೆಯೇ ದುಡಿಯುತ್ತಿರುತ್ತಾರೆ. ಫ್ರಾನ್ಸಿನಲ್ಲಿ 50 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗಳು ಕೆಲಸದ ಹೊತ್ತಿನಾಚೆಗಿನ ಕರೆ, ಮೇಲ್ ಬಗ್ಗೆ ನೌಕರರೊಂದಿಗೆ ಕೂತು ಮಾತಾಡಬೇಕೆಂಬ ನಿಯಮ 2017ರ ಜನವರಿಯಿಂದ ಇದೆ. ಆಸ್ಟ್ರೇಲಿಯಾದಲ್ಲಿ ಅಂಥ ಕರೆಗೆ ಉತ್ತರಿಸದಿರುವ ಹಕ್ಕು 2024ರ ಆಗಸ್ಟ್ 26ರಿಂದ ಬಂದಿದೆ.

ಇವು ಯಾವುವೂ ನಿಮ್ಮನ್ನು ಕಾಯುವುದಿಲ್ಲ. ಕೂತು ಕೆಲಸ ಮಾಡುವ ನೆಲದ ಕಾನೂನೇ ನಿಮ್ಮದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ತಾಸಿನ ಮಿತಿ ಹಾಕಿದೆ. ಓವರ್‌ಟೈಮ್ ಸೇರಿ ದಿನಕ್ಕೆ 10. ಬಿಡುವುಗಳೂ ಸೇರಿ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ 12 ತಾಸು ಮೀರಬಾರದು. ನಿಮ್ಮದು 14. ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ನಿಮ್ಮ ಹುದ್ದೆ ಯಾವುದೆಂದು ನೇಮಕಪತ್ರದಲ್ಲಿ ನೋಡಿಕೊಳ್ಳಿ.

ಮೊದಲು ಎರಡು ವಾರ ಎಲ್ಲ ಮೀಟಿಂಗುಗಳನ್ನೂ ಬರೆದಿಡಿ: ಶುರು, ಮುಗಿವು, ನೀವು ಬಾಯಿ ತೆರೆದದ್ದು ಎಷ್ಟು ನಿಮಿಷ. ಬರೀ ಕೇಳುತ್ತ ಕೂತ ಮೀಟಿಂಗು ಯಾವುದು ಎಂದು ಈ ಪಟ್ಟಿಯೇ ಹೇಳುತ್ತದೆ. ಅಂಥವನ್ನು ರೆಕಾರ್ಡಿಂಗಿಗೆ ಬಿಡಬಹುದು. ಉಳಿದವನ್ನು ಅವರ ಬೆಳಗಿನ ಮೊದಲ ಹೊತ್ತಿಗೆ ತನ್ನಿ. ನ್ಯೂಯಾರ್ಕಿನ ಬೆಳಿಗ್ಗೆ 8.30 ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6, ಚಳಿಗಾಲದಲ್ಲಿ 7. ಅವರ ಗಡಿಯಾರ ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಬದಲಾಗುತ್ತದೆ. ಯುರೋಪಿನದು ಮಾರ್ಚಿನ ಕೊನೆಯ ಭಾನುವಾರ, ಅಕ್ಟೋಬರಿನ ಕೊನೆಯ ಭಾನುವಾರ. ಎರಡೂ ಕಡೆಯವರಿರುವ ಮೀಟಿಂಗು ಈ ನಡುವಿನ ವಾರಗಳಲ್ಲೇ ತಪ್ಪಿಹೋಗುವುದು. ಕ್ಲೈಂಟ್ ಕ್ಯಾಲಿಫೋರ್ನಿಯಾದವರಾದರೆ ಅವರ ಬೆಳಿಗ್ಗೆ 8 ನಮಗೆ ರಾತ್ರಿ 8.30 ಅಥವಾ 9.30. ಅಲ್ಲಿ ಹೊತ್ತನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಆಫೀಸಿನ ಹೊತ್ತನ್ನೇ ಮುಂದೂಡಿಸಿ, ವಾರಕ್ಕೆ ಎರಡು ದಿನ ಮಧ್ಯಾಹ್ನ 1ರಿಂದ ರಾತ್ರಿ 10 ಎಂದು ಮ್ಯಾನೇಜರಿಂದ ಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ.

ಮತ್ತೊಂದು: ರಾತ್ರಿಯ ಕರೆಗಳು ಹುಟ್ಟುವುದೇ ಅರ್ಧಂಬರ್ಧ ಮಾಹಿತಿಯಿಂದ. ಸಂಜೆ ಕುರ್ಚಿಯಿಂದ ಏಳುವ ಮೊದಲು ಈ ನಾಲ್ಕು ಸಾಲು ಬರೆದು ಕಳಿಸಿ: ಇಂದು ಮುಗಿದದ್ದು, ನಿಂತುಹೋದದ್ದು ಮತ್ತು ಕಾರಣ, ಯಾರು ನಿರ್ಧರಿಸಬೇಕು, ಎಷ್ಟು ಹೊತ್ತಿನೊಳಗೆ ಉತ್ತರ ಬೇಕು. ಮೂರನೇ ಸಾಲಿನಲ್ಲಿ 'ತಂಡ' ಎಂದು ಬರೆಯಬೇಡಿ, ವ್ಯಕ್ತಿಯ ಹೆಸರು ಬರೆಯಿರಿ. ಅಮೆರಿಕದವರಿಗೆ ನೇರವಾಗಿ 'ಇಷ್ಟು ಹೊತ್ತಿಗೆ ನಾನು ಸಿಗುವುದಿಲ್ಲ, ಇಂಥ ಹೊತ್ತಿಗೆ ಸಿಗುತ್ತೇನೆ' ಎಂದರೆ ಬೇಸರವಿಲ್ಲ. ನಾವು 'ನೋಡೋಣ ಸರ್' ಎಂದರೆ ಅದನ್ನು ಅವರು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಪ್ರಶ್ನೆ: ಮಗ ಜಪಾನಿ ಭಾಷೆ ಕಲಿಯುತ್ತಿದ್ದಾನೆ. ಅಲ್ಲಿ ದುಡಿದು ದುಡಿದೇ ಜನ ಸಾಯುತ್ತಾರೆ ಅಂತಾರೆ. ಕಳಿಸಲೋ ಬೇಡವೋ?
(ರಾಣೆಬೆನ್ನೂರು)

ಉತ್ತರ: ಅತಿಯಾದ ದುಡಿತದಿಂದ ಸಾವು ಅಲ್ಲಿ ಸರಕಾರವೇ ಒಪ್ಪಿ ಪರಿಹಾರ ಕೊಡುವ ವಿಷಯ, ನಿಮ್ಮ ಭಯ ಸುಳ್ಳಲ್ಲ. 2019ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ, ಮರುವರ್ಷದಿಂದ ಸಣ್ಣವಕ್ಕೆ, ಓವರ್‌ಟೈಮ್ ತಿಂಗಳಿಗೆ 45, ವರ್ಷಕ್ಕೆ 360 ತಾಸು ಎಂಬ ಮಿತಿ ಬಂದಿದೆ. ವಿಶೇಷ ಸಂದರ್ಭಕ್ಕೆ ವರ್ಷಕ್ಕೆ 720ರವರೆಗೆ, ಯಾವ ತಿಂಗಳೂ 100 ಮುಟ್ಟದಂತೆ. ವಿಶೇಷದ ಈ ಬಾಗಿಲು ದೊಡ್ಡದೇ ಇದೆ. ಕರಾರಿನಲ್ಲಿ 'ಸಂಬಳದಲ್ಲಿ 30 ತಾಸು ಓವರ್‌ಟೈಮ್ ಸೇರಿದೆ' ಎಂಬಂಥ ಸಾಲಿದೆಯೇ ನೋಡಿ. ಇದ್ದರೆ ಮೂಲ ಸಂಬಳ ಕಾಣುವುದಕ್ಕಿಂತ ಕಡಿಮೆ, ಆ 30 ತಾಸು ದುಡಿಸಿಯೇ ದುಡಿಸುತ್ತಾರೆಂದು ತಿಳಿಯಿರಿ. 6 ತಿಂಗಳಾದ ಮೇಲೆ, ಹಾಜರಿ ನೂರಕ್ಕೆ 80 ಇದ್ದರೆ, 10 ದಿನ ರಜೆ. ಅದರಲ್ಲಿ 5 ದಿನ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಎಲೆಕ್ಟ್ರಿಶಿಯನ್ ಮಾಡಿದ್ದೇನೆ. ದುಬೈಗೆ 1,500 ದಿರ್ಹಮ್ ಸಂಬಳ, ಅದರಲ್ಲಿ ಬೇಸಿಕ್ 900. ಏಜೆಂಟರು ಒಂದೂವರೆ ಲಕ್ಷ ಕೇಳುತ್ತಾರೆ. 'ಮೊದಲು ವಿಸಿಟ್ ವೀಸಾದಲ್ಲಿ ಹೋಗು' ಅನ್ನುತ್ತಾರೆ.
(ಬೆಟಗೇರಿ, ಗದಗ)

ಉತ್ತರ: ವಿಸಿಟ್ ವೀಸಾದಲ್ಲಿ ಹೋಗಬೇಡಿ. ಆ ವೀಸಾದ ಮೇಲೆ ದುಡಿಯುವುದು ಅಪರಾಧ, ಸಂಬಳ ಕೊಡದಿದ್ದರೆ ಕೇಳಲು ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ. ಭಾರತ ಸರಕಾರದ ನೋಂದಣಿ ಇರುವ ಏಜೆಂಟರು ಸೇವಾಶುಲ್ಕವಾಗಿ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ನೋಡಿ, ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಬೇಸಿಕ್ ಯಾಕೆ ಮುಖ್ಯ ಎಂದರೆ, ಓವರ್‌ಟೈಮೂ ಕೊನೆಗೆ ಸಿಗುವ ಗ್ರಾಚುಟಿಯೂ ಅದರ ಮೇಲೆಯೇ. 900ನ್ನು 30 ದಿನಕ್ಕೆ, ಮತ್ತೆ 8 ತಾಸಿಗೆ ಭಾಗಿಸಿದರೆ ತಾಸಿಗೆ 3.75 ದಿರ್ಹಮ್. ಓವರ್‌ಟೈಮಿಗೆ ಕಾಲುಪಾಲು ಹೆಚ್ಚು, ಅಂದರೆ ಸುಮಾರು 4.69. ರಾತ್ರಿ 10ರಿಂದ ಬೆಳಗಿನ 4ರ ನಡುವೆ ಅರ್ಧಪಾಲು ಹೆಚ್ಚು, ಪಾಳಿಯವರಿಗೆ ಇದಿಲ್ಲ. ಗ್ರಾಚುಟಿ ಒಂದು ವರ್ಷ ತುಂಬಿದವರಿಗೆ, ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್: ನಿಮಗೆ 630 ದಿರ್ಹಮ್. ಒಟ್ಟು ಸಂಬಳ ಅಷ್ಟೇ ಇಟ್ಟು ಬೇಸಿಕ್ 1,300 ಮಾಡಿಸಿದರೆ ಅದೇ 910 ಆಗುತ್ತದೆ. ಚೌಕಾಸಿ ಮಾಡುವುದಿದ್ದರೆ ಇದರ ಮೇಲೆ ಮಾಡಿ.

2022ರ ಫೆಬ್ರುವರಿಯಿಂದ ಜಾರಿಯಾದ ಅಲ್ಲಿಯ ಕಾನೂನಿನಂತೆ ದಿನಕ್ಕೆ 8, ವಾರಕ್ಕೆ 48 ತಾಸು, ಓವರ್‌ಟೈಮ್ ಸಾಮಾನ್ಯವಾಗಿ ದಿನಕ್ಕೆ 2 ತಾಸಿನೊಳಗೆ. ಕ್ಯಾಂಪಿನಿಂದ ಸೈಟಿಗೆ ಬಸ್ಸಿನಲ್ಲಿ ಹೋಗಿಬರುವ ಹೊತ್ತು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಆದ್ದರಿಂದ ಕ್ಯಾಂಪ್ ಎಷ್ಟು ದೂರ ಎಂದು ಈಗಲೇ ಕೇಳಿ. ನಿದ್ದೆ ತಿನ್ನುವುದು ಆ ಪ್ರಯಾಣ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ವರ್ಷ ತುಂಬಿದರೆ 30 ದಿನ ರಜೆ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು.

ಪ್ರಶ್ನೆ: ಪರದೇಶದ್ದೇ ಬರೀತೀರಿ. ನಾನು ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 9.30ರವರೆಗೆ ನಿಲ್ಲುತ್ತೇನೆ. ವಾರಕ್ಕೆ 6 ದಿನ, ದೀಪಾವಳಿ ಬಂದರೆ ಆ ಒಂದು ದಿನದ ರಜೆಯೂ ಇಲ್ಲ. ನಮಗೇನಿದೆ?
(ಹಾವೇರಿ)

ಉತ್ತರ: ನಿಮಗೂ ಅದೇ 1961ರ ಕಾಯ್ದೆ ಇದೆ. ಲೆಕ್ಕ ಹಾಕೋಣ. 12 ತಾಸಿನಲ್ಲಿ ಊಟಕ್ಕೆ 1 ತಾಸು ಕಳೆದರೆ ದಿನಕ್ಕೆ 11, ವಾರಕ್ಕೆ 66. ಮಿತಿ 48. ವಾರಕ್ಕೆ 18 ತಾಸು ಹೆಚ್ಚು, 13 ವಾರಕ್ಕೆ 234. ಕಾಯ್ದೆ 3 ತಿಂಗಳಿಗೆ ಒಪ್ಪುವ ಓವರ್‌ಟೈಮ್ 50 ತಾಸು, ಅದಕ್ಕೂ ಎರಡು ಪಟ್ಟು ಕೂಲಿ ಕೊಡಬೇಕು. ಸತತ 5 ತಾಸು ನಿಂತ ಮೇಲೆ ಕನಿಷ್ಠ 1 ತಾಸು ಬಿಡುವು, ವಾರಕ್ಕೊಂದು ಪೂರ್ತಿ ದಿನ ರಜೆ, ದುಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನ ಕಾಯಿಲೆ ಮುಂತಾದವಕ್ಕೆ, ಈ ರಜೆಗಳೆಲ್ಲ ಸಂಬಳ ಸಹಿತ. ಇದಲ್ಲದೆ 1963ರ ಕಾಯ್ದೆಯಂತೆ ವರ್ಷಕ್ಕೆ 10 ಹಬ್ಬ ಮತ್ತು ರಾಷ್ಟ್ರೀಯ ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಅದರಲ್ಲಿ ಸೇರಿವೆ.

ಜರ್ಮನಿಯ ನರ್ಸಿಗೂ ನಿಮಗೂ ಇರುವ ದೊಡ್ಡ ಅಂತರ ದಾಖಲೆಯದು. ಅಲ್ಲಿ ಪಾಳಿಯ ಪಟ್ಟಿ ಗೋಡೆಯ ಮೇಲಿರುತ್ತದೆ, ನಿಮ್ಮಲ್ಲಿ ಬಂದದ್ದು ಹೋದದ್ದು ಯಾವ ಪುಸ್ತಕದಲ್ಲೂ ಇಲ್ಲ. ಇವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಬಂದ ಹೊತ್ತು, ಊಟ, ಬಿಟ್ಟ ಹೊತ್ತು ಬರೆಯಿರಿ. ಜೊತೆಯವರೂ ಬರೆಯಲಿ. ಸಂಬಳ ನಗದಾಗಿ ಬರುತ್ತಿದ್ದರೆ ಬ್ಯಾಂಕಿಗೆ ಹಾಕಲು ಕೇಳಿ. ನೇಮಕಪತ್ರ ಕೊಡುವುದು ಕಾಯ್ದೆಯ ಪ್ರಕಾರ ಮಾಲೀಕರ ಕರ್ತವ್ಯ, ಅದನ್ನೂ ಕೇಳಿ. ಮೊದಲು ವಾರದ ರಜೆಯೊಂದನ್ನೇ ಹಿಡಿದು ಮಾಲೀಕರ ಜೊತೆ ಎಲ್ಲರೂ ಕೂಡಿ ಮಾತಾಡಿ; ಪಾಳಿ ಹಚ್ಚಿ ಬೇರೆ ಬೇರೆ ದಿನ ಕೊಟ್ಟರೆ ಅಂಗಡಿ ಮುಚ್ಚಬೇಕಾಗಿಲ್ಲ, ಇದಕ್ಕೆ ಬಹಳ ಮಾಲೀಕರು ಒಪ್ಪುತ್ತಾರೆ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಬ್ಬರೇ ಸಹಿ ಮಾಡಬೇಡಿ, ನಾಲ್ಕೈದು ಜನ ಸೇರಿ ಮಾಡಿ. ನೋಟ್‌ಬುಕ್ಕಿನ ಹಾಳೆಗಳ ಝೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ.