ಅಮೆರಿಕದಲ್ಲಿ ದಾನ ಸಿಕ್ಕ ಲಿವರ್ ಮೊದಲು ಯಾರಿಗೆ ಅಂತ ಹೇಗೆ ತೀರ್ಮಾನಿಸುತ್ತಾರೆ?

ಮುಖ್ಯವಾಗಿ ಮೆಲ್ಡ್ ಸ್ಕೋರ್ ನೋಡಿ, ಅಂದರೆ ಲಿವರ್ ಕಾಯಿಲೆ ಎಷ್ಟು ತೀವ್ರ ಅಂತ ಹೇಳುವ ಅಂಕ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಪ್ಯಾಟ್ರಿಕ್ ಕಾಮತ್ ಮತ್ತು ಸಂಗಡಿಗರು ರೂಪಿಸಿದ ಲೆಕ್ಕ ಇದು. 2002ರಿಂದ ಅಲ್ಲಿ ಜಾರಿಯಲ್ಲಿದೆ. ಅದಕ್ಕೆ ಮೊದಲು ಕಾದ ದಿನಗಳಿಗೂ, ಹೊಟ್ಟೆಯಲ್ಲಿ ಎಷ್ಟು ನೀರು ತುಂಬಿದೆ ಎಂಬ ವೈದ್ಯರ ಅಂದಾಜಿಗೂ ಬೆಲೆಯಿತ್ತು. ಅಂದಾಜು ಒಬ್ಬೊಬ್ಬರದು ಒಂದೊಂದು ಥರ, ಅಲ್ವಾ? ಮೆಲ್ಡ್ ಬರೀ ರಕ್ತಪರೀಕ್ಷೆಯನ್ನು ನೆಚ್ಚಿಕೊಂಡಿತು: ಬಿಲಿರುಬಿನ್ (ಲಿವರ್ ಹೊರಹಾಕಬೇಕಾದ ಹಳದಿ ವಸ್ತು), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಅನ್ನುವ ಅಳತೆ), ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ). ಅಂಕ 6ರಿಂದ 40. ಅಂಕ ಜಾಸ್ತಿಯಾದಷ್ಟೂ ಮೂರು ತಿಂಗಳೊಳಗೆ ಸಾಯುವ ಅಪಾಯ ಜಾಸ್ತಿ, ಹಾಗಾಗಿ ಸರದಿಯೂ ಮುಂದೆ.

ಆದರೆ ಇದರಲ್ಲೂ ಒಂದು ಅನ್ಯಾಯ ಅಡಗಿತ್ತು. ಹೆಂಗಸರಿಗೆ ಸಾಮಾನ್ಯವಾಗಿ ಮಾಂಸಖಂಡ ಕಡಿಮೆ, ಅದರಿಂದ ಕ್ರಿಯಾಟಿನಿನ್ ಕೂಡ ಕಡಿಮೆ ತೋರಿಸುತ್ತದೆ. ಕಿಡ್ನಿ ಗಂಡಸರಷ್ಟೇ ಕೆಟ್ಟಿದ್ದರೂ ಅವರು ಸರದಿಯಲ್ಲಿ ಹಿಂದೆ ಬೀಳುತ್ತಿದ್ದರು. ಇದನ್ನು ತಿದ್ದಲು ಇಷ್ಟು ವರ್ಷ ಬೇಕಿರಲಿಲ್ಲ ಅನ್ನಿಸುತ್ತದೆ. 2023ರಲ್ಲಿ ಜಾರಿಗೆ ಬಂದ ಹೊಸ ಆವೃತ್ತಿ ಮೆಲ್ಡ್ 3.0 ಹೆಂಗಸರ ಲೆಕ್ಕಕ್ಕೆ 1.33 ಅಂಕ ಸೇರಿಸುತ್ತದೆ.