ಓಟಿದ್ದರೂ ಬ್ರಸೆಲ್ಸ್ ಮೇಲೆ ಸಿಟ್ಟೇಕೆ?

ಯುರೋಪಿನವರು ಯುರೋಪಿಯನ್ ಸಂಸತ್ತಿಗೆ ತಮ್ಮ ಸಂಸದರನ್ನು ತಾವೇ ಆರಿಸುತ್ತಾರೆ, ಆದರೂ ಯುರೋಪಿಯನ್ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ 'ನಮ್ಮ ಮಾತು ಯಾರೂ ಕೇಳಲ್ಲ' ಅಂತ ಯಾಕೆ ಗೊಣಗುತ್ತಾರೆ ಎಂದು ಕೇಳಿದ್ದೀರಿ. ಬ್ರಿಟನ್ ಒಕ್ಕೂಟ ಬಿಟ್ಟ ಬ್ರೆಕ್ಸಿಟ್ ಕಥೆ ಪಕ್ಕಕ್ಕಿಡಿ, 2005ರ ಫ್ರಾನ್ಸ್ ನೋಡಿ.

ಆ ವರ್ಷ ಯುರೋಪಿಯನ್ ಒಕ್ಕೂಟಕ್ಕೊಂದು ಸಂವಿಧಾನ ತರಲು ಹೊರಟಿದ್ದರು. 448 ಕಲಮುಗಳ ದಪ್ಪ ಪುಸ್ತಕ ಫ್ರಾನ್ಸಿನ ಮತದಾರರ ಮನೆಗೇ ಅಂಚೆಯಲ್ಲಿ ಬಂತು. ಜನ ಹೋಟೆಲು, ಊಟದ ಮೇಜು ಅಂತ ಎಲ್ಲ ಕಡೆ ಜಗಳವಾಡಿದರು. ಮೇ 29ರ ಜನಮತಗಣನೆಯಲ್ಲಿ ಓಟು ಹಾಕಿದವರಲ್ಲಿ ಸುಮಾರು ಶೇ. 55 ಮಂದಿ ಬೇಡ ಅಂದರು. ಮೂರೇ ದಿನದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶೇ. 61ಕ್ಕೂ ಜಾಸ್ತಿ ಜನ ಬೇಡ ಅಂದರು.

ಆಮೇಲೆ ಆಗಿದ್ದೇನು? 'ಸಂವಿಧಾನ' ಅನ್ನೋ ಹೆಸರು ಬಿಟ್ಟರು. ಒಳಗಿದ್ದ ಬಹುಪಾಲು ಸಂಗತಿ 2007ರ ಲಿಸ್ಬನ್ ಒಪ್ಪಂದವಾಗಿ ವಾಪಸ್ ಬಂತು. ಈ ಸಲ ಫ್ರಾನ್ಸಿನಲ್ಲಿ ಜನರನ್ನು ಕೇಳಲೇ ಇಲ್ಲ, ಸಂಸತ್ತಿನಲ್ಲೇ ಮುಗಿಸಿದರು. ಕಾನೂನಿನ ಪ್ರಕಾರ ತಪ್ಪಿಲ್ಲ ಬಿಡಿ, ಆದರೆ ಓಟು ಹಾಕಿದವನಿಗೆ ಉರಿಯುತ್ತೆ ಅಲ್ವಾ? ಐರ್ಲೆಂಡ್‌ನಲ್ಲಿ ಜನರನ್ನು ಕೇಳಿದರು, ಅವರು 2008ರಲ್ಲಿ ಲಿಸ್ಬನ್ ಒಪ್ಪಂದ ಬೇಡ ಅಂದರು. ತೆರಿಗೆ, ತಟಸ್ಥ ನೀತಿ ಬಗ್ಗೆ ಭರವಸೆ ಕೊಟ್ಟು 2009ರಲ್ಲಿ ಮತ್ತೆ ಕೇಳಿ ಒಪ್ಪಿಸಿದರು.

ಇನ್ನು ನೀವು ಹೇಳುವ ಸಂಸದರು. ಅವರು ಮಸೂದೆ ತಿದ್ದಬಹುದು, ತಳ್ಳಿಹಾಕಬಹುದು. ಆದರೆ ಹೊಸ ಕಾನೂನನ್ನು ಮಂಡಿಸುವ ಅಧಿಕಾರ ಹೆಚ್ಚುಕಡಿಮೆ ಪೂರ್ತಿ ಯುರೋಪಿಯನ್ ಆಯೋಗದ್ದು, ಅಂದರೆ ಒಕ್ಕೂಟದ ಕಾರ್ಯಾಂಗದ್ದು. ಅದರ ಸದಸ್ಯರನ್ನು ಜನ ನೇರವಾಗಿ ಆರಿಸುವುದಿಲ್ಲ.

ಹಾಗಂತ ಎಲ್ಲವನ್ನೂ ಬ್ರಸೆಲ್ಸ್ ತಲೆಗೆ ಕಟ್ಟಬೇಡಿ. ಅಲ್ಲಿ ಒಪ್ಪಿಗೆಯ ಓಟು ಹಾಕಿ ಬರುವ ಆಯಾ ದೇಶದ ಮಂತ್ರಿಗಳೇ ಊರಿಗೆ ಬಂದು 'ನಾವೇನು ಮಾಡೋಣ, ಅವರು ಹೇಳಿದರು' ಅನ್ನುವುದೂ ಉಂಟು.